ಪೇಜ್‌ಮೇಕರ್ ಬಿಟ್ಟು ಇನ್‌ಡಿಸೈನ್‌ಗೆ ಹೋಗ್ಲೇಬೇಕಾ?

ಪ್ರಶ್ನೆ: ಸರ್ ನಮಸ್ತೆ. ದಾವಣಗೆರೆಲಿ ಸಣ್ಣದೊಂದು ಡಿಟಿಪಿ ಅಂಗಡಿ ನಮ್ದು, 17 ವರ್ಷದಿಂದ ಪುಟ ಜೋಡಿಸೋಕೆ ಪೇಜ್‌ಮೇಕರ್ 7, ಕನ್ನಡ ಟೈಪಿಂಗ್‌ಗೆ ನುಡಿ ಫಾಂಟು, ಕೈ ತಾನಾಗೇ ಓಡುತ್ತೆ. ಮದುವೆ ಪತ್ರಿಕೆ, ಸಂಘದ ವಾರ್ಷಿಕ ವರದಿ, ವರ್ಷಕ್ಕೆ ಎಂಟ್ಹತ್ತು ಪುಸ್ತಕದ ಒಳಪುಟ. ಮೊನ್ನೆ ಒಬ್ರು ಲೇಖಕರು ಬಂದು ಈ-ಬುಕ್ಕೂ ಆಗ್ಬೇಕು ಯೂನಿಕೋಡಲ್ಲೇ ಮಾಡ್ಕೊಡಿ ಅಂದ್ರು, ಅವರು ಕೊಟ್ಟ ವರ್ಡ್ ಫೈಲನ್ನ ಪೇಜ್‌ಮೇಕರ್‌ಗೆ ಹಾಕಿದ್ರೆ ಬರೀ ಪ್ರಶ್ನಾರ್ಥಕ ಚಿಹ್ನೆ. ಮಗ ಅಂತಾನೆ ಅಮ್ಮಾ ಅದು ನಾನು ಹುಟ್ಟೋಕೆ ಮುಂಚಿಂದು ಬಿಡು ಅಂತ. ಅದೇ ಕೆಲಸ ಮಾಡೋ ಹೊಸ ಸಾಫ್ಟ್‌ವೇರ್ ಇನ್‌ಡಿಸೈನ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಬೇಕಂತೆ. ಏನ್ ಮಾಡ್ಲಿ?

ಉತ್ತರ: ಮೇಡಂ, ಮಗ ಹೇಳಿದ್ದು ಸರಿನೇ, ಪೇಜ್‌ಮೇಕರ್ 7 ಬಂದಿದ್ದು 2001ರಲ್ಲಿ, ಅದೇ ಕೊನೇದು, ಆಮೇಲೆ ಅಡೋಬಿಯವರು ಪೂರ್ತಿ ಇನ್‌ಡಿಸೈನ್ ಕಡೆ ಹೊರಟುಹೋದ್ರು. ಹಳೇದು ಅನ್ನೋದೊಂದೇ ಕಾರಣಕ್ಕೆ ಬಿಡಿ ಅಂತ ನಾನಂತೂ ಹೇಳಲ್ಲ. ನೋಡಿ, ನುಡಿ ಆಸ್ಕಿ ಫಾಂಟಲ್ಲಿ ಟೈಪ್ ಮಾಡಿದ್ರೆ ಕಂಪ್ಯೂಟರ್ ಲೆಕ್ಕದಲ್ಲಿ ಅದು ಇಂಗ್ಲಿಷ್ ಅಕ್ಷರಾನೇ, ಮೇಲೆ ಕನ್ನಡದ ವೇಷ ಹಾಕಿರ್ತೀವಿ ಅಷ್ಟೇ. ಪ್ರಿಂಟಿಂಗ್ ಪ್ಲೇಟ್‌ಗೆ ಹೋಗಿ ಪೇಪರ್ ಮೇಲೆ ಬರೋವರೆಗೂ ಯಾರಿಗೂ ಗೊತ್ತಾಗಲ್ಲ. ನಿಮ್ಮದೇ ಒಂದು ಪಿಡಿಎಫ್‌ನಿಂದ ಒಂದ್ ಸಾಲು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿ ನೋಡಿ, ವೇಷ ಕಳಚಿ ಬೀಳುತ್ತೆ. ಅದಕ್ಕೇ ಗೂಗಲ್‌ನಲ್ಲಿ ಹುಡುಕಿದ್ರೆ ಸಿಗಲ್ಲ, ಈ-ಬುಕ್ ಆಗಲ್ಲ, ಕಣ್ಣು ಕಾಣದವರಿಗೆ ಓದಿ ಹೇಳೋ ಸಾಫ್ಟ್‌ವೇರ್‌ಗೂ ಅರ್ಥ ಆಗಲ್ಲ. ಯೂನಿಕೋಡ್ ಅಂದ್ರೆ ಕನ್ನಡದ ಅಕ್ಷರಕ್ಕೆ ಅದರದ್ದೇ ಸಂಕೇತ ಕೊಡೋ ವ್ಯವಸ್ಥೆ, ಪೇಜ್‌ಮೇಕರ್‌ಗೆ ಅದು ಗೊತ್ತೇ ಇಲ್ಲ, ಆ ಪ್ರಶ್ನಾರ್ಥಕ ಚಿಹ್ನೆ ಅಲ್ಲಿಂದ ಬಂದಿದ್ದು.

ಹಾಗಾಗಿ ಮದುವೆ ಪತ್ರಿಕೆ ಪೇಜ್‌ಮೇಕರಲ್ಲೇ ಮಾಡ್ಕೊಂಡಿರಿ, ಅದನ್ನ ಹತ್ತು ವರ್ಷ ಬಿಟ್ಟು ಯಾರೂ ಹುಡುಕಲ್ಲ. ಹೊಸ ಪುಸ್ತಕ ಮಾತ್ರ ಇವತ್ತಿಂದಾನೇ ಯೂನಿಕೋಡ್. ಇನ್‌ಡಿಸೈನ್ ಸಿಎಸ್6, ಅಂದ್ರೆ 2012ರಿಂದ ಈಚಿನದ್ರಲ್ಲಿ ಕನ್ನಡ ಸರಿಯಾಗಿ ಕೂರುತ್ತೆ, ಆದ್ರೆ ಪ್ಯಾರಾಗ್ರಾಫ್ ಪ್ಯಾನೆಲ್ ಮೂಲೆಯ ಮೆನುಲಿ 'ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್' ಅಂತಿರುತ್ತೆ ಅದನ್ನ ಆರಿಸ್ಲೇಬೇಕು, ಇಲ್ಲಾಂದ್ರೆ ಒತ್ತಕ್ಷರ ಎಲ್ಲಾ ಬಿಡಿಬಿಡಿ ಆಗಿ ಅರ್ಧ ಜನ ಅಲ್ಲೇ ಹೆದರಿ ವಾಪಸ್ ಪೇಜ್‌ಮೇಕರ್‌ಗೆ ಓಡಿಬರ್ತಾರೆ. ದುಡ್ಡಿನ ವಿಷ್ಯ, ತಿಂಗಳ ಕಂತು ಅಂತ ತೋರಿಸಿದ್ರೂ ಅದು ವರ್ಷದ ಒಪ್ಪಂದ ಆಗಿರಬಹುದು, ಮಧ್ಯ ಬಿಟ್ರೆ ದಂಡ, ಓದ್ಕೊಂಡು ಒತ್ತಿ. ದುಡ್ಡೇ ಬೇಡ ಅಂದ್ರೆ ಸ್ಕ್ರೈಬಸ್ ಇದೆ, ಪುಕ್ಕಟೆ, 2024ರ ಜನವರಿಲಿ ಬಂದ 1.6ರಲ್ಲಿ ಕನ್ನಡ ಒತ್ತು ಚೆನ್ನಾಗೇ ಬರುತ್ತೆ, ಈ-ಬುಕ್ ಮಾತ್ರ ಅದರಿಂದ ನೇರ ತೆಗೆಯೋಕಾಗಲ್ಲ.

ಪ್ರಶ್ನೆ: ಟೈಪಿಂಗ್ ಮತ್ತೆ ಕಲೀಬೇಕಾ ಸರ್? ಈ ವಯಸ್ಸಲ್ಲಿ ಬೆರಳು ಬಗ್ಗಲ್ಲ. ಹಳೇ ಪುಸ್ತಕದ ಫೈಲು ನೂರರ ಮೇಲಿದೆ, ಅವನ್ನೆಲ್ಲ ಕನ್ವರ್ಟ್ ಮಾಡಿಸ್ಲಾ?

ಉತ್ತರ: ಬೆರಳಿಗೇನೂ ಕಷ್ಟ ಇಲ್ಲ. ನೀವೀಗ ಬಳಸೋ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸಾನೇ ನುಡಿಯ ಯೂನಿಕೋಡ್ ಮೋಡ್‌ನಲ್ಲೂ ಇದೆ, ನೀವು ಒತ್ತೋ ಕೀ ಅದೇ, ಒಳಗೆ ಕೂರೋ ಅಕ್ಷರ ಬೇರೆ. ಫಾಂಟ್‌ಗೆ ಸದ್ಯಕ್ಕೆ ನೋಟೋ ಸೆರಿಫ್ ಕನ್ನಡ ಹಾಕಿ.

ಹಳೇವು ಮುಟ್ಟಬೇಡಿ. ಯಾವ್ದು ಮರುಮುದ್ರಣಕ್ಕೆ ಬರುತ್ತೋ ಅದೊಂದನ್ನ ಮಾಡಿ, ಅದೂ ಈ-ಬುಕ್ ಬೇಕು ಅಂದ್ರೆ ಮಾತ್ರ. ಕನ್ವರ್ಟರ್ ಕೆಲಸ ಮಾಡುತ್ತೆ, ಆದ್ರೆ ಹೊಸದಾಗಿ ಪ್ರೂಫ್ ನೋಡ್ಲೇಬೇಕು. ಆಸ್ಕಿಲಿ ಅರ್ಕಾವತ್ತನ್ನ ಅಕ್ಷರದ ನಂತರ ಹೊಡೀತೀವಲ್ಲ, ಯೂನಿಕೋಡಲ್ಲಿ ರ್ ಮೊದಲು ಬರ್ಬೇಕು, ಆ ತಿರುವುಮುರುವಲ್ಲಿ 'ಸೂರ್ಯ' 'ಧರ್ಮ' ಕೆಲವು ಸಲ ಎಡವುತ್ತೆ. ಮಧ್ಯ ಇಂಗ್ಲಿಷ್ ಪದ ಇದ್ರೆ ಅದನ್ನೂ ಕನ್ನಡ ಅಂದ್ಕೊಂಡು ಏನೇನೋ ಮಾಡಿಡುತ್ತೆ. 'ಸಾಫ್ಟ್‌ವೇರ್' ಹೋಗಿ ಟ್‌ಗೆ ವ ಒತ್ತು ಅಂಟ್ಕೊಂಡಿರುತ್ತೆ, ನಡುವೆ ಕಾಣದ ಒಂದು ಅಕ್ಷರ ಹಾಕಿ ಬಿಡಿಸ್ಬೇಕು. ಮತ್ತೆ ಫಾಂಟಿನ ಅಗಲ ಬೇರೆ ಆಗಿ 160 ಪುಟದ ಪುಸ್ತಕ 172 ಆಗ್ಬಹುದು, ಫಾರಂ (ಒಂದು ದೊಡ್ಡ ಹಾಳೇಲಿ ಒಟ್ಟಿಗೆ ಅಚ್ಚಾಗೋ ಪುಟಗಳು) ಲೆಕ್ಕ ತಪ್ಪುತ್ತೆ, ಪರಿವಿಡಿ ಮತ್ತೆ ಮಾಡ್ಬೇಕು. ಅದಕ್ಕೇ ಪೇಜ್‌ಮೇಕರ್ ಇರೋ ಆ ಹಳೇ ಕಂಪ್ಯೂಟರ್ ಮಾರ್ಬೇಡಿ, ಹಾಗೇ ಇರ್ಲಿ.

ಇನ್ನೊಬ್ಬರು: ಕಮಾಂಡ್ ಬರೆದು ಪುಟ ಜೋಡಿಸೋ ಲೇಟೆಕ್ ಯಾಕೆ ಹೇಳ್ಲಿಲ್ಲ ಸರ್? ನಾನು ಅದರದ್ದೇ ಯೂನಿಕೋಡ್ ರೂಪ ಕ್ಸೀಲೇಟೆಕ್‌ನಲ್ಲಿ ಕನ್ನಡ ಪಿಎಚ್‌ಡಿ ಪ್ರಬಂಧ ಮಾಡಿದೀನಿ, ಅಡಿಟಿಪ್ಪಣಿ ಎಲ್ಲಾ ತಾನೇ ಕೂತ್ಕೊಳ್ತು.

ಉತ್ತರ: ಪ್ರಬಂಧಕ್ಕೆ ಅದೇ ಬೆಸ್ಟ್, ಒಪ್ತೀನಿ. ಆದ್ರೆ ಮೇಡಂ ಅಂಗಡಿಗೆ ಬರೋ ಲೇಖಕರು ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಕೂತು ಈ ಫೋಟೊ ಒಂದಿಂಚು ಮೇಲೆ, ಇಲ್ಲ ಇಲ್ಲ ಸ್ವಲ್ಪ ಎಡಕ್ಕೆ ಅಂತಾರೆ, ಅಲ್ಲಿ ಕಮಾಂಡ್ ಹೊಡೀತಾ ಕೂರೋಕಾಗುತ್ತಾ?

ಪ್ರಶ್ನೆ: ಹ್ಹ ಹ್ಹ, ನೀವು ನಮ್ಮ ಅಂಗಡಿ ನೋಡಿದೀರಾ ಸರ್? ಸರಿ, ಸ್ಕ್ರೈಬಸ್ ಇವತ್ತು ಹಾಕಿಸ್ತೀನಿ ಮಗನ ಕೈಲಿ.

ಉತ್ತರ: ಹಾಕ್ಸಿ. 'ಸ್ತ್ರೀ', 'ಸೂರ್ಯ', 'ಸಾಫ್ಟ್‌ವೇರ್' ಈ ಮೂರು ಪದ ಹೊಡೆದು ಒಂದು ಪುಟ ಪ್ರಿಂಟ್ ತೆಗ್ದು ಫೋಟೊ ಹಾಕಿ, ನೋಡಿ ಹೇಳ್ತೀನಿ.