ಶೇಕಡಾ 55.5ರ ಸಿಟ್ಟು

“ನಮ್ಮ ಔಷಧ ಕಂಪನಿ ಇನ್ನೊಂದು ಕಂಪನಿಯನ್ನು ಕೊಂಡಿದೆ,” ಎಂದ ಶೇಷಗಿರಿ. ಅವನ ಬಳಿ ಇರುವುದು ನಲವತ್ತು ಷೇರು. ‘ನಮ್ಮ’ ಎನ್ನುವಾಗ ಮಾತ್ರ ಸ್ಥಾಪಕನ ಗತ್ತು. “ಷೇರುದಾರರ ವಿಶ್ವಾಸವೇ ನಮ್ಮ ಬಲ ಎಂದು ಅಧ್ಯಕ್ಷರು ಪತ್ರ ಬರೆದಿದ್ದಾರೆ.”

“ಬೆಲೆ ಏನಾಯಿತು?”

“ಶೇಕಡಾ ಎಂಟು ಬಿತ್ತು.”

“ಹಾಗಾದರೆ ವಿಶ್ವಾಸ ಇನ್ನೂ ತೊಂಬತ್ತೆರಡು ಉಳಿದಿದೆ. ಜರ್ಮನಿಯ ಔಷಧ ಕಂಪನಿ ಬೇಯರ್‌ನವರಿಗಿಂತ ಎಷ್ಟೋ ವಾಸಿ,” ಎಂದ ವಾಸು. ಮೆಡಿಕಲ್ ರೆಪ್ ಆಗಿ ನಿವೃತ್ತನಾದವನು; ಯಾವ ವಿಷಯವನ್ನೂ ಡಾಕ್ಟರ ಎದುರು ನಿಂತವನಂತೆ ಒಂದೇ ಉಸಿರಿಗೆ ಒಪ್ಪಿಸುತ್ತಾನೆ. “2018ರ ಜೂನ್‌ನಲ್ಲಿ 6,300 ಕೋಟಿ ಡಾಲರ್ ಸುರಿದು ಅಮೆರಿಕದ ಬೀಜ, ಕಳೆನಾಶಕ ಕಂಪನಿ ಮೊನ್ಸಾಂಟೋ ಕೊಂಡರು. ಆಗಸ್ಟ್‌ನಲ್ಲೇ ಸ್ಯಾನ್‌ಫ್ರಾನ್ಸಿಸ್ಕೋದ ನ್ಯಾಯಮಂಡಳಿ, ಮೊನ್ಸಾಂಟೋದ ಕಳೆನಾಶಕದಿಂದ ಕ್ಯಾನ್ಸರ್ ಬಂತೆಂಬ ಮೊಕದ್ದಮೆಯಲ್ಲಿ 28.9 ಕೋಟಿ ಡಾಲರ್ ಕಕ್ಕಿ ಎಂದಿತು. ಆಮೇಲೆ ಅದು ಇಳಿಯಿತು, ಮೊಕದ್ದಮೆಗಳು ಮಾತ್ರ ಏರಿದವು.”

“ಆಸ್ಪಿರಿನ್ ಕಂಪನಿಗೇ ತಲೆ—” ಎಂದು ಪದ್ಮನಾಭ ಬಾಯಿ ತೆರೆದ.

“ಆ ಹಳಸಲು ಜೋಕು ಬೇಡ. ಕೊಳ್ಳುವ ಮುಂಚೆ ಷೇರುದಾರರ ಮತ ಕೇಳಿರಲಿಲ್ಲ. 2019ರ ಏಪ್ರಿಲ್‌ನಲ್ಲಿ ಬಾನ್‌ನಲ್ಲಿ ವಾರ್ಷಿಕ ಸಭೆ. ಬೈದದ್ದೂ ಬೈದದ್ದೇ, ರಾತ್ರಿಯಾದರೂ ಮುಗಿಯದು. ಹಿಂದಿನ ವರ್ಷ ಶೇಕಡಾ 97 ಮಂದಿ ಭೇಷ್ ಎಂದಿದ್ದ ಆಡಳಿತ ಮಂಡಳಿಗೆ ಈ ಸಲ ಶೇಕಡಾ 55.5 ಮತ ವಿರುದ್ಧ!”

“ಅಂದರೆ ಮುಖ್ಯಸ್ಥರನ್ನು ಮನೆಗೆ ಕಳಿಸಿದರು,” ಎಂದ ಶೇಷಗಿರಿ, ಯುದ್ಧ ಗೆದ್ದವನಂತೆ.

“ಎಲ್ಲಿಯ ಮನೆ! ಆ ಮತಕ್ಕೆ ಕಾನೂನಿನ ಬಲವಿಲ್ಲ. ಮೇಲ್ವಿಚಾರಣಾ ಮಂಡಳಿ ಕೂಡಲೇ ಸೇರಿ ‘ನಮಗೆ ವಿಶ್ವಾಸವಿದೆ’ ಎಂದಿತು. ಮುಖ್ಯಸ್ಥ ವೆರ್ನರ್ ಬೌಮನ್ 2023ರವರೆಗೂ ಅದೇ ಕುರ್ಚಿಯಲ್ಲಿದ್ದರು. ಷೇರಿಗೆ 2.40 ಯೂರೋ ಇದ್ದ ಡಿವಿಡೆಂಡ್ ಮರುವರ್ಷ 11 ಸೆಂಟಿಗೆ ಬಂತು. ನಮ್ಮ ಲೆಕ್ಕದಲ್ಲಿ ಹತ್ತು ರೂಪಾಯಿ.”

ಈ ಜರ್ಮನ್ ಪದ್ಧತಿ ನನಗೆ ಬಹಳ ಹಿಡಿಸಿತು. ನಮ್ಮಲ್ಲಿ ಅಳಿಯ ನೋಡಿಬಂದ ಸೈಟಿನ ಬಗ್ಗೆ ಮಾವನ ಅಭಿಪ್ರಾಯ ಕೇಳುವುದೂ ನೋಂದಣಿ ಮುಗಿದ ಮೇಲೆಯೇ.

“ಕೊಳ್ಳುವವರಿಗೇ ಯಾವಾಗಲೂ ಶನಿ,” ಎಂದ ಪದ್ಮನಾಭ. “ನಮ್ಮ ದೇಶದ ಔಷಧ ಕಂಪನಿ ರ‍್ಯಾನ್‌ಬ್ಯಾಕ್ಸಿ ನೆನಪಿಲ್ಲವೇ? 2008ರ ಜೂನ್‌ನಲ್ಲಿ ಜಪಾನಿನ ದಾಯಿಚಿ ಸಾಂಕ್ಯೋ ಅದನ್ನು ಕೊಳ್ಳಲು ಷೇರಿಗೆ 737 ರೂಪಾಯಿ ಒಪ್ಪಿಕೊಂಡಿತು. ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ರ‍್ಯಾನ್‌ಬ್ಯಾಕ್ಸಿಯ ದೇವಾಸ್ ಮತ್ತು ಪಾಂವಟಾ ಸಾಹಿಬ್ ಕಾರ್ಖಾನೆಗಳ ಔಷಧಗಳಿಗೆ ಬಾಗಿಲು ಹಾಕಿತು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ! ಆದರೆ ಸಣ್ಣ ಷೇರುದಾರರಿಗೂ ಓಪನ್ ಆಫರ್‌ನಲ್ಲಿ, ಅಂದರೆ ಅವರ ಷೇರನ್ನೂ ಕೊಳ್ಳುತ್ತೇವೆಂಬ ಕರೆಯಲ್ಲಿ, ಅದೇ 737 ಸಿಕ್ಕಿತ್ತು. ವಿಶ್ವಾಸ ಹೆಚ್ಚಾಗಿ ಇಟ್ಟುಕೊಂಡವರೇ ಕೆಟ್ಟರು, ಮಾರಿದವರು ಬದುಕಿದರು.”

“ಅದೆಲ್ಲ ಇರಲಿ, ಇಂದು ಸಂಜೆ ಐದರೊಳಗೆ ನಾನು ಇ-ಮತ ಹಾಕಬೇಕು,” ಎಂದ ಶೇಷಗಿರಿ. “ವಿರುದ್ಧವೇ ಒತ್ತುತ್ತೇನೆ. ಅಧ್ಯಕ್ಷರು ನಡುಗಲಿ.”

“ನಲವತ್ತು ಷೇರಿಗೆ?”

“ತತ್ತ್ವಕ್ಕಯ್ಯಾ!”

ಕನ್ನಡಕ ಏರಿಸಿ, ಮೊಬೈಲನ್ನು ಮೂಗಿನ ಹತ್ತಿರ ಹಿಡಿದು, ಹದಿನಾರು ಅಂಕಿಯ ಡಿಮ್ಯಾಟ್ ಸಂಖ್ಯೆಯನ್ನು ಮಂತ್ರದಂತೆ ಗುನುಗುತ್ತಾ ಒತ್ತಿದ. ಒಟಿಪಿ ಕಳಿಸಿದ್ದೇವೆ ಎಂದಿತು ಪರದೆ. ನಾಲ್ಕು ಐವತ್ತೈದಾದರೂ ಏನೂ ಬರಲಿಲ್ಲ. ಖಾತೆಗೆ ಕೊಟ್ಟಿದ್ದು ಮಗಳ ನಂಬರು.

ಫೋನ್ ಮಾಡಿದ.

“ಬಂದಿದೆ ಅಪ್ಪಾ,” ಎಂದಳು ಅವಳು. “ಆದರೆ ಯಾರಿಗೂ ಹೇಳಬೇಡಿ ಎಂದು ಬರೆದಿದ್ದಾರೆ. ನೀವು ಅಪ್ಪನೇ ಎಂದು ಹೇಗೆ ನಂಬಲಿ?”