ಕಾರ್ಬನ್ ಕ್ರೆಡಿಟ್ ಕರಾರು: ಹೆಬ್ಬೇವು ಕಡಿಯಬಹುದಾ? ಸಹಾಯ ಬೇಕು

ನಮಸ್ಕಾರ. ಶಿರಾ ಹತ್ತಿರ ನಮ್ಮದು ಮೂರು ಎಕರೆ ಜಮೀನು. ಬದುವಿನ ಮೇಲೆ ಹೆಬ್ಬೇವು ಇದೆ, 2021ರಲ್ಲಿ ನೆಟ್ಟಿದ್ದು. ಈಗ ಒಂದು ಕಂಪನಿಯವರು ಬಂದು ‘ಇನ್ನಷ್ಟು ಸಸಿ ಪುಕ್ಕಟೆ ಕೊಡುತ್ತೇವೆ, ಕ್ರೆಡಿಟ್ ಮಾರಿದ ದುಡ್ಡಲ್ಲಿ ಪಾಲು ಕೊಡುತ್ತೇವೆ, ಹಳೇ ಮರಗಳೂ ಲೆಕ್ಕಕ್ಕೆ ಬರುತ್ತವೆ’ ಅನ್ನುತ್ತಿದ್ದಾರೆ. ಕರಾರು 30 ವರ್ಷದ್ದು, ಪೂರ್ತಿ ಇಂಗ್ಲಿಷಿನಲ್ಲಿದೆ.

ನಾನು ಓದಿಕೊಂಡ ಪ್ರಕಾರ ಗಾಳಿಗೆ ಸೇರದಂತೆ ತಡೆದ ಅಥವಾ ಗಾಳಿಯಿಂದ ಹೀರಿಕೊಂಡ ಒಂದು ಟನ್ ಇಂಗಾಲದ ಡೈಆಕ್ಸೈಡ್‌ಗೆ ಒಂದು ಕ್ರೆಡಿಟ್. ಯೋಜನೆ ಇಲ್ಲದಿದ್ದರೂ ಹೇಗೂ ಬೆಳೆಯುತ್ತಿದ್ದ ಮರಕ್ಕೆ ಕ್ರೆಡಿಟ್ ಸಿಗಬಾರದು ಅಂತಿದೆ. ಹಾಗಾದರೆ ನಮ್ಮ ಹಳೇ ಮರ ಹೇಗೆ ಸೇರುತ್ತದೆ? ಮನೆಗಳಿಗೆ ಗೋಬರ್ ಗ್ಯಾಸ್ ಕೊಟ್ಟು ಕ್ರೆಡಿಟ್ ಪಡೆದ ಬಾಗೇಪಲ್ಲಿಯ ಯೋಜನೆ ನನಗೆ ಅರ್ಥವಾಗುತ್ತದೆ. ಸೌದೆ ಬದಲು ಗ್ಯಾಸ್ ಉರಿಸಿದರೆ ಗಾಳಿಗೆ ಸೇರುವ ಇಂಗಾಲ ಕಡಿಮೆ, ಅಷ್ಟೇ. ಮರದ ವಿಷಯ ಹಾಗಲ್ಲ. ಕಡಿದರೆ ಹಿಡಿದಿಟ್ಟ ಇಂಗಾಲ ವಾಪಸ್ ಹೋಗುತ್ತದೆ ಅಲ್ವಾ? ಆದರೆ ಹೆಬ್ಬೇವನ್ನು ಏಳೆಂಟು ವರ್ಷಕ್ಕೆ ಪ್ಲೈವುಡ್‌ಗೆ ಕೊಡೋದೇ ನಮ್ಮ ಲೆಕ್ಕಾಚಾರ. 30 ವರ್ಷ ಯಾರು ಕಾಯುತ್ತಾರೆ!

ಇಂಥ ಯೋಜನೆಗಳನ್ನು ನೋಂದಾಯಿಸುವ ವೆರ್ರಾ ಅಥವಾ ಗೋಲ್ಡ್ ಸ್ಟ್ಯಾಂಡರ್ಡ್ ಸಂಸ್ಥೆಯಲ್ಲಿ ಯೋಜನೆಯ ನಂಬರ್ ಏನು ಅಂತ ಕಂಪನಿಯವರನ್ನು ಕೇಳಿದೆ. ‘ಪ್ರೋಸೆಸ್‌ನಲ್ಲಿದೆ’ ಅಂದರು. ರೈತ ಸಂಪರ್ಕ ಕೇಂದ್ರದಲ್ಲೂ ವಿಚಾರಿಸಿದೆ, ಅವರಿಗೂ ಗೊತ್ತಿಲ್ಲ. ವಕೀಲರು ಕರಾರು ಓದಿ, ‘ಕಾರ್ಬನ್ ಹಕ್ಕು, ಅಂದರೆ ಕ್ರೆಡಿಟ್ ಮಾರುವ ಹಕ್ಕು, ಕಂಪನಿಗೆ ಹೋಗುತ್ತದೆ, ಮಧ್ಯೆ ಬಿಟ್ಟರೆ ಪರಿಹಾರ ಕಟ್ಟಬೇಕು’ ಅಂದರು. ಕಟಾವಿನ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲವಂತೆ.

ಇಂಥ ಕರಾರಿಗೆ ಸಹಿ ಹಾಕಿದವರು ಯಾರಾದರೂ ಇದ್ದೀರಾ? ಮಧ್ಯದಲ್ಲಿ ಮರ ಕಡಿದು ಮತ್ತೆ ನೆಡಲು ಬಿಡುತ್ತಾರಾ? ಅದಕ್ಕೆ ಕರಾರಿನಲ್ಲಿ ಯಾವ ಷರತ್ತು ಬರೆಸಿಕೊಳ್ಳಬೇಕು?