ತಳ ಹಸಿರಾಗಿದ್ದರೆ ಸಿ.ಡಿ. ನಕಲಿಯೇ?

ಗುಜರಿಗಿರಾಕಿ: ಹಳೇ ಸಾಮಾನಿನ ಸಂತೆಯಲ್ಲಿ ಕರ್ನಾಟಕ ಸಂಗೀತದ ಎರಡು ಸಿ.ಡಿ. ಸಿಕ್ಕವು. ಒಂದರ ತಳ ಬೆಳ್ಳಿ ಬಣ್ಣ, ಕವರಿನ ಮೇಲೆ 1991 ಅಂತಿದೆ. ಇನ್ನೊಂದರ ತಳ ತಿಳಿ ಹಸಿರು. ಅಸಲಿ ಯಾವುದು? ಎಂಪಿ3ಯಿಂದ ಬರ್ನ್ ಮಾಡಿದ್ದಾದರೆ ಗೊತ್ತಾಗುವುದು ಹೇಗೆ?

ಸೌಂಡ್‌ಸ್ವಾಮಿ: ಬಲು ಸುಲಭ. ತಳವನ್ನು ಲೈಟಿಗೆ ಹಿಡಿದು ನಡುವಿನ ತೂತಿನ ಸುತ್ತ ನೋಡಿ. ಐಎಫ್‌ಪಿಐ (ರೆಕಾರ್ಡಿಂಗ್ ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟ) ಅಂತ ಸಣ್ಣ ಅಕ್ಷರ, ಜೊತೆಗೆ ಡಿಸ್ಕ್ ಯಾವ ಫ್ಯಾಕ್ಟರಿಯದು ಅಂತ ಹೇಳುವ ಕೋಡ್ ಇರಬೇಕು. ಇಲ್ಲದಿದ್ದರೆ ನಕಲಿ. ಹಸಿರು ತಳದ್ದಂತೂ ಮಾತೇ ಬೇಡ, ಬಿಸಾಕಿ.

ಹಳೇರೇಡಿಯೋ: "ಇಲ್ಲದಿದ್ದರೆ ನಕಲಿ"ಯಂತೆ! ಆ ಕೋಡ್ ಶುರುವಾಗಿದ್ದೇ 1994ರಲ್ಲಿ ಸ್ವಾಮಿ. 1991ರ ಸಿ.ಡಿ.ಗೆ ಅದು ಎಲ್ಲಿಂದ ಬರಬೇಕು?

ಸೌಂಡ್‌ಸ್ವಾಮಿ: ವರ್ಷ ಹಿಡಿದು ಜಗ್ಗಬೇಡಿ. ಹಸಿರಿನ ಬಗ್ಗೆ ತುಟಿ ಬಿಚ್ಚಲಿಲ್ಲ ನೋಡಿ. ಫ್ಯಾಕ್ಟರಿಯಲ್ಲಿ ಒತ್ತಿದ್ದಕ್ಕೆ ಅಲ್ಯೂಮಿನಿಯಂ ಪದರ. ಬರ್ನ್ ಮಾಡುವ ಡಿಸ್ಕಿಗೆ ಬಣ್ಣದ ಡೈ. ಬಣ್ಣ ಕಂಡರೆ ಕಳ್ಳ ಮಾಲು.

ತಂತಿಮೀಟು: "ಕಳ್ಳ ಮಾಲು"? ಸ್ಮಿತ್ಸೋನಿಯನ್ ಫೋಕ್‌ವೇಸ್ ಅನ್ನೋ ಅಮೆರಿಕದ ಸಂಗೀತ ಸಂಸ್ಥೆಯವರು ಹಳೇ ಆಲ್ಬಂಗಳನ್ನು ಆರ್ಡರ್ ಬಂದಂತೆ ಸಿಡಿ-ಆರ್‌ನಲ್ಲೇ (ಬರ್ನ್ ಮಾಡುವ ಖಾಲಿ ಡಿಸ್ಕ್) ಬರ್ನ್ ಮಾಡಿ ಕೊಟ್ಟಿದ್ದಾರೆ. ಅವರೂ ಕಳ್ಳರಾ? ಕಳ್ಳರು ಫ್ಯಾಕ್ಟರಿಯಲ್ಲೂ ಒತ್ತಿಸಿದ್ದಾರೆ, ತಳ ಬೆಳ್ಳಗೇ ಇರುತ್ತದೆ.

ಸೌಂಡ್‌ಸ್ವಾಮಿ: ಸಂತೆ ಮಾಲಿಗೆ ಅಮೆರಿಕದ ಕಥೆ ಯಾಕೆ?

ತಂತಿಮೀಟು: ಇಲ್ಲಿನದ್ದೇ ಕೇಳಿ. ಕಛೇರಿ ಮುಗಿದ ಮೇಲೆ ಬಾಗಿಲ ಹತ್ತಿರ ಮೇಜು ಹಾಕಿ ವಿದ್ವಾಂಸರ ಶಿಷ್ಯರೇ ಮಾರಿದ ಸಿ.ಡಿ. ನನ್ನ ಹತ್ತಿರ ಇದೆ. ತಳ ನೀಲಿ. ಮೇಲೆ ಅವರ ಸಹಿ.

ಹಳೇರೇಡಿಯೋ: ಮಾರ್ಕರ್ ಪೆನ್ ಕೊಟ್ಟರೆ ಸಹಿ ನಾನೂ ಹಾಕುತ್ತೇನೆ.

ತಂತಿಮೀಟು: ನಾಲಿಗೆ ಬಿಗಿ ಹಿಡಿಯಿರಿ. ನನ್ನ ಕಣ್ಣೆದುರೇ ಹಾಕಿದ ಸಹಿ ಅದು.

ಹಳೇರೇಡಿಯೋ: "ಕಣ್ಣೆದುರು" ಅಂದರೆ ಸಾಕ್ಷಿ ಆಯ್ತಾ? ಫೋಟೋ ಹಾಕಿ.

ತಂತಿಮೀಟು: ನಿಮಗೆ ಫೋಟೋ ತೋರಿಸುವ ದರ್ದು ನನಗಿಲ್ಲ.

ಸೌಂಡ್‌ಸ್ವಾಮಿ: ಫೋಟೋ ಇಲ್ಲ ಅಂತಾಯ್ತು 😄

ಬಿಟ್‌ಬಸಣ್ಣ: ನಿಮ್ಮ ಸಹಿ ಪುರಾಣ ಸಾಕು ಮಾರಾಯ್ರೇ. ಗಿರಾಕಿ ಸರ್, ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನೋ ಸಾಫ್ಟ್‌ವೇರ್‌ನಲ್ಲಿ ರಿಪ್ ಮಾಡಿ (ಹಾಡನ್ನು ಕಂಪ್ಯೂಟರಿಗೆ ಇಳಿಸಿ), ಸದ್ದಿನ ಆವರ್ತನಗಳನ್ನು ಚಿತ್ರವಾಗಿ ತೋರಿಸುವ ಸ್ಪೆಕ್‌ನಲ್ಲಿ ತೆರೆಯಿರಿ. ಸಿ.ಡಿ.ಯಲ್ಲಿ ಸದ್ದಿನ ಮಾದರಿ ತೆಗೆಯುವ ವೇಗ 44.1 ಕಿಲೋಹರ್ಟ್ಸ್, ಅದರ ಅರ್ಧ, ಅಂದರೆ ಸುಮಾರು 22 ಕಿಲೋಹರ್ಟ್ಸ್‌ವರೆಗಿನ ಸದ್ದಿಗೆ ಜಾಗ ಇರುತ್ತದೆ. 16ರ ಹತ್ತಿರ ಪಟ್ಟನೆ ನಿಂತಿದ್ದರೆ 128ರ (ಸೆಕೆಂಡಿಗೆ 128 ಕಿಲೋಬಿಟ್‌ನ) ಎಂಪಿ3, ಫೈಲು ಚಿಕ್ಕದಾಗಲಿ ಅಂತ ಮೇಲಿನ ಸದ್ದು ಕತ್ತರಿಸಿರುತ್ತಾರೆ.

ಹಳೇರೇಡಿಯೋ: ಎಫ್‌ಎಂ ಪ್ರಸಾರ 15ಕ್ಕೇ ನಿಲ್ಲುತ್ತದೆ. ರೇಡಿಯೋದಿಂದ ಇಳಿಸಿಕೊಂಡ ಕಛೇರಿಯೆಲ್ಲ ಎಂಪಿ3 ಅನ್ನುತ್ತೀರಾ? ಹಳೇ ಟೇಪಿನಲ್ಲೂ ಮೇಲಿನದ್ದು ಕಮ್ಮಿಯೇ.

ಬಿಟ್‌ಬಸಣ್ಣ: ಟೇಪ್ ಅಂದಿರಲ್ಲ, ಅದನ್ನೇ ನೋಡಿ. ಹಾಡು ಇಲ್ಲದ ಕಡೆಯೂ ಅದರ ಹಿಸ್ (ಸುಯ್ ಅನ್ನೋ ಸದ್ದು) ಮೇಲಿನವರೆಗೆ ಇರುತ್ತದೆ, ನಿಧಾನಕ್ಕೆ ಮಾಸುತ್ತದೆ. ಎಂಪಿ3 ಆದರೆ ಗೋಡೆ ಕಟ್ಟಿದ ಹಾಗೆ ಒಂದೇ ಗೆರೆ.

ಹಳೇರೇಡಿಯೋ: ಹಿಸ್ ತೆಗೆದು ಸಿ.ಡಿ. ಮಾಡಿದವರು ಎಷ್ಟು ಜನ ಬೇಕು?

ಸೌಂಡ್‌ಸ್ವಾಮಿ: ಗೆರೆ ಗೋಡೆ ಎಲ್ಲ ಸುಮ್ನೆ. ತಂಬೂರಿಯ ಝೇಂಕಾರ ಸತ್ತಿದ್ದರೆ ನನ್ನ ಕಿವಿಗೇ ಗೊತ್ತಾಗುತ್ತದೆ.

ಬಿಟ್‌ಬಸಣ್ಣ: ನಿಮಗೆ ಐವತ್ತು ದಾಟಿದೆ ಅಂತ ಹೋದ ಸಲ ನೀವೇ ಬರೆದಿದ್ರಿ. ಆ ವಯಸ್ಸಿಗೆ 16 ಕಿಲೋಹರ್ಟ್ಸ್ ಕೇಳಿಸುವುದು ಕಷ್ಟ, ಅಲ್ವಾ?

ಸೌಂಡ್‌ಸ್ವಾಮಿ: ವಯಸ್ಸಿಗೆ ಬಂದಿರಿ. ಅಲ್ಲಿಗೆ ವಾದ ಸೋತಿರಿ.

ಗುಜರಿಗಿರಾಕಿ: ನೋಡಿದೆ. ಹಸಿರಿನದ್ದು 20ರವರೆಗೂ ಹೋಗಿದೆ. ಬೆಳ್ಳಿಯದ್ದರಲ್ಲಿ ಗೀರು ಜಾಸ್ತಿ, ಮೂರನೇ ಹಾಡಿಗೆ ತೊದಲುತ್ತದೆ.

ಸೌಂಡ್‌ಸ್ವಾಮಿ: "20ರವರೆಗೂ" ಅಂದರೆ 320ರ ಎಂಪಿ3. ನಾನು ಮೊದಲೇ ಹೇಳಿದ್ದೆ.

ಬಿಟ್‌ಬಸಣ್ಣ: ನೀವು ಹೇಳಿದ್ದು ಬಿಸಾಕಿ ಅಂತ.

ತಂತಿಮೀಟು: ಅದೆಲ್ಲ ಇರಲಿ. ರೇಡಿಯೋ ಅವರು ಸಹಿ ಬಗ್ಗೆ ಆಡಿದ ಮಾತು ಮೊದಲು ವಾಪಸ್ ತಗೊಳ್ಳಲಿ.